ಜಾವಾ ಕಾಫಿಯ ಋಣ

ನಮ್ಮ ಫೀಲ್ಡಿನಲ್ಲಿ ಎಷ್ಟೋ ಜನ ಅನ್ನ ತಿನ್ನೋದು ಜಾವಾ ಹೆಸರಿನಲ್ಲಿ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಆ ಭಾಷೆಗೆ ಮೊದಲು ಇಟ್ಟಿದ್ದು 'ಓಕ್' ಅನ್ನೋ ಹೆಸರು. ಅದು ಟ್ರೇಡ್‌ಮಾರ್ಕ್ ತಕರಾರಿನಲ್ಲಿ ಬಿದ್ದುಹೋಗಿ, 1995ರಲ್ಲಿ ಜಗತ್ತಿಗೆ ಬಿಡುಗಡೆಯಾಗುವಾಗ 'ಜಾವಾ' ಆಯ್ತು. ಅಮೆರಿಕದಲ್ಲಿ ಕಾಫಿಗೆ ಜಾವಾ ಅಂತ ಅಡ್ಡಹೆಸರಿದೆ, ಅಲ್ಲಿಂದ ಬಂದದ್ದು. ಲೋಗೋದಲ್ಲಿ ಹಬೆಯಾಡುವ ಕಾಫಿ ಲೋಟ ಇರೋದೂ ಅದಕ್ಕೇ. ದ್ವೀಪದ ಹೆಸರು ಕಾಫಿಗೆ, ಕಾಫಿಯ ಹೆಸರು ಕೋಡಿಗೆ. ಇಷ್ಟು ದೂರ ಬಂದ ಮೇಲೆ ಆ ದ್ವೀಪದಲ್ಲಿ ಗಿಡ ನೆಟ್ಟವರು ಯಾರು, ಯಾಕೆ ನೆಟ್ಟರು ಅಂತ ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ನನಗೆ ಈ ಪ್ರಶ್ನೆ ಸುಮ್ಮನೆ ಬಿಟ್ಟುಬಿಡುವಂಥದ್ದಲ್ಲ. ನಮ್ಮೂರು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ. ಮನೆ ಹಿಂದಿನ ಬಾಗಿಲು ತೆಗೆದರೆ ಕಾಫಿ ಗಿಡ, ಅದರ ಮೇಲೆ ಮರದ ನೆರಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನಾನು ಬಿಇ ಓದಿದ್ದು ಆ ತೋಟದ ದುಡ್ಡಿನಲ್ಲಿ. ಹಾಗಾಗಿ ಕಾಫಿಯ ಚರಿತ್ರೆ ಅಂದರೆ ನನ್ನ ಮಟ್ಟಿಗೆ ಮನೆಯ ಜಮಾಖರ್ಚಿನ ಪುಸ್ತಕದ ಹಳೇ ಪುಟಗಳು. ಆ ಪುಟಗಳಲ್ಲಿ ಯಾರದೋ ಬಾಕಿ ಬರೆದಿದ್ದರೆ ಅದು ನನಗೆ ಸಂಬಂಧಪಟ್ಟದ್ದಾ, ಅಲ್ಲವಾ? ನಾನು ಮಾಡದ ಅನ್ಯಾಯದಿಂದ ನನಗೆ ಬಂದ ಅನುಕೂಲಕ್ಕೆ ನಾನು ಏನಾದರೂ ಕೊಡಬೇಕಾ? ಈ ಬರಹ ಅದರ ಬಗ್ಗೆ.

ಮೊದಲು ಜಾವಾ. ಇಂದಿನ ಜಕಾರ್ತಾ ನಗರಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷ ಬಟಾವಿಯಾ ಎಂಬ ಹೆಸರಿತ್ತು. ಅದನ್ನು ಕಟ್ಟಿದ್ದು ಒಂದು ಕಂಪನಿ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ಸಾಮಾನ್ಯ ಜನರಿಂದ ಷೇರು ಹಣ ಎತ್ತಿ ನಡೆದ ಸಂಸ್ಥೆ. 1619ರಲ್ಲಿ ಅದರ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ಜಯಕರ್ತಾ ಎಂಬ ಬಂದರು ಪಟ್ಟಣವನ್ನು ಸುಟ್ಟು, ಅದೇ ಜಾಗದಲ್ಲಿ ಬಟಾವಿಯಾ ಎಬ್ಬಿಸಿದ. ಎರಡು ವರ್ಷ ಬಿಟ್ಟು, 1621ರಲ್ಲಿ, ಜಾಯಿಕಾಯಿ ವ್ಯಾಪಾರ ಪೂರ್ತಿ ತನ್ನ ಕೈಯಲ್ಲೇ ಇರಬೇಕೆಂದು ಬಾಂಡಾ ದ್ವೀಪಗಳ ಮೇಲೆ ಬಿದ್ದ. ಅಲ್ಲಿನ ಜನರಲ್ಲಿ ಹೆಚ್ಚಿನವರು ಸತ್ತರು, ಓಡಿಹೋದರು, ಇಲ್ಲವೇ ಗುಲಾಮರಾಗಿ ಹಡಗು ಹತ್ತಿದರು. ಹೀಗೆ ಶುರುವಾದ ನಗರ ಅದು.

ಕೆಲಸದ ಮೇಲೆ ಒಮ್ಮೆ ಜಕಾರ್ತಾಗೆ ಹೋದಾಗ ಹಳೇ ಪೇಟೆ ನೋಡಿದ್ದೆ. ಫತಾಹಿಲ್ಲಾ ಚೌಕ ಅಂತಾರೆ. ಮಧ್ಯೆ ಕಲ್ಲು ಹಾಸಿದ ಬಯಲು, ಬಣ್ಣಬಣ್ಣದ ಬಾಡಿಗೆ ಸೈಕಲ್ಲು, ಅದೇ ಬಣ್ಣದ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ಹುಡುಗಿಯರು. ಎದುರಿಗೆ 1710ರಲ್ಲಿ ಮುಗಿದ ಬಿಳೀ ಟೌನ್‌ಹಾಲ್, ಈಗದು ಜಕಾರ್ತಾದ ಇತಿಹಾಸ ಮ್ಯೂಸಿಯಂ. ಮೇಲೆ ದೊಡ್ಡ ಕಿಟಕಿ, ಚಂದದ ಮರದ ಕೆಲಸ. ಕೆಳಗೆ ತಲೆ ಎತ್ತಿ ನಿಲ್ಲಲಾಗದ ಸೆರೆಕೋಣೆಗಳು. ಕೈದಿಗಳ ಕಾಲಿಗೆ ಕಟ್ಟುತ್ತಿದ್ದ ಗುಂಡುಗಳನ್ನು ಇನ್ನೂ ಅಲ್ಲೇ ಇಟ್ಟಿದ್ದಾರೆ. ಒಂದೇ ಕಟ್ಟಡದಲ್ಲಿ ಮೇಲೆ ಲೆಕ್ಕ, ಕೆಳಗೆ ಸರಪಳಿ.

ಈ ನಗರಕ್ಕೂ ನಮ್ಮ ಕಡೆಗೂ ಹಳೇ ನಂಟಿದೆ. ಹದಿನೇಳನೇ ಶತಮಾನದಲ್ಲಿ ಡಚ್ಚರು ಕೆಳದಿ ಅರಸರ ಸೀಮೆಯ ಬಸರೂರಿನಲ್ಲಿ ಕೋಠಿ ಇಟ್ಟುಕೊಂಡು ಅಕ್ಕಿ, ಮೆಣಸು ಕೊಳ್ಳುತ್ತಿದ್ದರು. ಮೆಣಸು ಬೆಳೆಯೋದು ಕರಾವಳಿಯ ಹಿಂದಿನ ಘಟ್ಟದಲ್ಲಿ. ಆಮೇಲೆ ಕಾಫಿ. 1696ರಲ್ಲಿ ಮಲಬಾರ್ ಕರಾವಳಿಯಿಂದ ಬಟಾವಿಯಾಗೆ ಕಾಫಿ ಸಸಿ ಹೋಯಿತು, ಅದು ಪ್ರವಾಹದಲ್ಲಿ ಕೊಚ್ಚಿಹೋಯಿತು. 1699ರಲ್ಲಿ ಹೆಂಡ್ರಿಕ್ ಜ್ವಾರ್ಡೆಕ್ರೂನ್ ಎಂಬ ಅಧಿಕಾರಿ ಮತ್ತೆ ಅದೇ ಮಲಬಾರಿನಿಂದ ಗಿಡ ಒಯ್ದ, ಅವು ಹಿಡಿದವು. 1706ರಲ್ಲಿ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಮರಿ 1714ರಲ್ಲಿ ಫ್ರಾನ್ಸಿನ ದೊರೆಗೆ ಉಡುಗೊರೆಯಾಯಿತು. ಆ ವಂಶ ಅಲ್ಲಿಂದ ಅಮೆರಿಕ ಖಂಡಕ್ಕೆ ದಾಟಿತು. ಬಾಬಾಬುಡನ್ನರ ಏಳು ಬೀಜದ ಕಥೆ ಹೇಳಿ ಎದೆಯುಬ್ಬಿಸುವ ನಾವು ಇದನ್ನೂ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆದರೆ ಗಿಡದ ಜೊತೆ ಇನ್ನೊಂದು ಕಥೆಯೂ ಬೆಳೆಯಿತು.

ಪ್ರಿಯಾಂಗನ್ ಅನ್ನೋದು ಬಟಾವಿಯಾದ ಬೆನ್ನಿಗಿರುವ ಬೆಟ್ಟಸೀಮೆ. ನಮ್ಮ ಮಲೆನಾಡಿನ ಹಾಗೇ ಮಳೆ, ಮಂಜು, ಇಳಿಜಾರು. ಅಲ್ಲಿನ ರೈತರು ಇಷ್ಟು ಕಾಫಿ ಬೆಳೆದು ಕಂಪನಿಗೇ ಕೊಡಬೇಕು, ಕಂಪನಿ ಹೇಳಿದ ದರಕ್ಕೇ ಕೊಡಬೇಕು ಎಂಬ ಕಟ್ಟುಪಾಡು ಬಂತು. 1720ರ ದಶಕದಲ್ಲಿ ಕಂಪನಿ ಬೆಳೆಗಾರರಿಗೆ ಕೊಡುವ ದರವನ್ನು ಇದ್ದಕ್ಕಿದ್ದಂತೆ ಇಳಿಸಿತು. ಎಷ್ಟೋ ಜನ ಸಿಟ್ಟಿನಿಂದ ಗಿಡ ಕಿತ್ತರು. ಗಿಡ ಒಯ್ದಿದ್ದ ಅದೇ ಜ್ವಾರ್ಡೆಕ್ರೂನ್ ಅಷ್ಟು ಹೊತ್ತಿಗೆ ಗವರ್ನರ್ ಜನರಲ್ ಆಗಿ ಮೇಲೇರಿದ್ದ. ಕಂಪನಿ 1799ರಲ್ಲಿ ಮುಳುಗಿತು, ಪದ್ಧತಿ ಮುಳುಗಲಿಲ್ಲ. 1830ರಿಂದ ಡಚ್ ಸರ್ಕಾರವೇ ಅದನ್ನು ಜಾವಾ ತುಂಬ ಹರಡಿತು. ಹಳ್ಳಿಯ ಐದರಲ್ಲೊಂದು ಪಾಲು ಜಮೀನು ಸರ್ಕಾರ ಹೇಳಿದ ಬೆಳೆಗೆ ಅನ್ನೋದು ಕಾಗದದ ಮೇಲಿನ ಲೆಕ್ಕ, ನಡೆದದ್ದು ಅದಕ್ಕಿಂತ ಹೆಚ್ಚು. 1840ರ ದಶಕದಲ್ಲಿ ಮಧ್ಯ ಜಾವಾದಲ್ಲಿ ಬರ ಬಿತ್ತು, ಜನ ಹಸಿದು ಸತ್ತರು. ಆ ಕಾಲದಲ್ಲೇ ನೆದರ್‌ಲ್ಯಾಂಡ್ಸ್ ತನ್ನ ಸಾಲ ತೀರಿಸಿಕೊಂಡಿತು. ಮುಂದೆ ಅದೇ ದುಡ್ಡಿನಲ್ಲಿ ರೈಲುಹಾದಿ ಹಾಕಿಸಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬೆರಳೆಣಿಕೆಯ ಡಚ್ಚರು ಲಕ್ಷಾಂತರ ರೈತರಿಂದ ಕಾಫಿ ಕೀಳಿಸಿದ್ದು ಹೇಗೆ? ಅವರು ಬೆಟ್ಟ ಹತ್ತಲೇ ಇಲ್ಲ. ಸ್ಥಳೀಯ ಅರಸು ಮನೆತನದವರನ್ನು 'ರೀಜೆಂಟ್' ಅಂತ ಮಾಡಿ, ಬಂದ ಕಾಫಿಯಲ್ಲಿ ಇಷ್ಟು ಪರ್ಸೆಂಟು ನಿಮಗೆ ಅಂದರು. ಉಳಿದದ್ದನ್ನು ರೀಜೆಂಟರು ನೋಡಿಕೊಂಡರು. ರೀಜೆಂಟ್ ಕೆಟ್ಟವನೇ ಆಗಿರಬೇಕಿಲ್ಲ. ಅವನಿಗೂ ಮೇಲಿನ ಒತ್ತಡ ಇತ್ತು, ಮನೆತನದ ಮರ್ಯಾದೆ ಇತ್ತು, ಮಕ್ಕಳಿದ್ದರು. ಎಡ್ವರ್ಡ್ ಡೌವೆಸ್ ಡೆಕ್ಕರ್ ಎಂಬ ಡಚ್ ಅಧಿಕಾರಿ 'ಮುಲ್ತಾತುಲಿ' ಹೆಸರಿನಲ್ಲಿ 1860ರಲ್ಲಿ ಬರೆದ 'ಮ್ಯಾಕ್ಸ್ ಹಾವೆಲಾರ್' ಕಾದಂಬರಿ ಈ ವ್ಯವಸ್ಥೆಯನ್ನು ಬಯಲಿಗೆಳೆಯಿತು. ಅದರಲ್ಲಿ ದೂರು ಇರೋದು ಡಚ್ಚರ ಮೇಲೆ ಮಾತ್ರ ಅಲ್ಲ, ತನ್ನದೇ ಜನರ ಎಮ್ಮೆ ಎಳೆದುಕೊಂಡು ಹೋಗುವ ಸ್ಥಳೀಯ ಒಡೆಯರ ಮೇಲೂ ಇದೆ.

ಈಗ ನಮ್ಮೂರಿಗೆ ಬರೋಣ. ನಮ್ಮ ಸೀಮೆಗೆ ಆಗ ಮಂಜರಾಬಾದ್ ಅಂತ ಹೆಸರು. ಟಿಪ್ಪು ಬಿದ್ದ ಮೇಲೂ ಇಲ್ಲಿನ ಬಲಂ ಪಾಳೆಯಗಾರ ಬಗ್ಗಲಿಲ್ಲ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಸೈನ್ಯ ತಂದು ಅವನನ್ನು ಹಿಡಿದು ಗಲ್ಲಿಗೇರಿಸಿದ. ಮುಂದೆ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲಿಂಗ್‌ಟನ್ ಇವನೇ. ನಾಡು ತಣ್ಣಗಾದ ಮೇಲೆ ತೋಟಗಾರರು ಬಂದರು. 1843ರಲ್ಲಿ ಫ್ರೆಡೆರಿಕ್ ಗ್ರೀನ್, ಹದಿಮೂರು ವರ್ಷ ಬಿಟ್ಟು ರಾಬರ್ಟ್ ಎಲಿಯಟ್. ಎಲಿಯಟ್ ಮೈಸೂರು ಸೀಮೆಯ ತೋಟಗಾರಿಕೆ ಬಗ್ಗೆ 1871ರಲ್ಲೂ 1894ರಲ್ಲೂ ಪುಸ್ತಕ ಬರೆದ. ತೋಟಗಳಿಂದ ನಾಡಿಗೆ ಒಳ್ಳೇದಾಯಿತು ಅನ್ನೋದು ಅವನ ವಾದ. ಅದು ಪೂರ್ತಿ ಸುಳ್ಳೂ ಅಲ್ಲ. ರಸ್ತೆ ಬಂತು, ಕೈಗೆ ಕಾಸು ಬಂತು, ಊರಿನವರೂ ಕಾಫಿ ಹಾಕಿದರು. ಇಲ್ಲಿ ಜಾವಾದ ಹಾಗೆ ಬಲವಂತದ ಬೆಳೆ ಇರಲಿಲ್ಲ. ಅದನ್ನು ನೇರವಾಗಿ ಒಪ್ಪಿಕೊಳ್ಳಬೇಕು.

ಬಲವಂತಕ್ಕೆ ಇಲ್ಲಿ ಬೇರೆ ಹೆಸರಿತ್ತು: ಅಡ್ವಾನ್ಸ್. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಮೇಸ್ತ್ರಿ ಆಳು ಕರೆತರುತ್ತಿದ್ದ. ಮೊದಲೇ ಕೈಗಡ ಕೊಟ್ಟಿರುತ್ತಿದ್ದ, ಅದು ತೀರುವ ತನಕ ಬಿಟ್ಟುಹೋಗುವ ಹಾಗಿಲ್ಲ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಕಳಿಸಲು ಬ್ರಿಟಿಷ್ ಇಂಡಿಯಾದಲ್ಲಿ 1859ರಲ್ಲಿ ಕಾನೂನೇ ಬಂತು. ಸಾಲ ಕೊಟ್ಟವನು ಮಾತು ತಪ್ಪಿದರೆ ಸಿವಿಲ್ ವ್ಯಾಜ್ಯ, ಸಾಲ ಪಡೆದವನು ತಪ್ಪಿದರೆ ಅಪರಾಧ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೊರೆಗಳು ತೋಟ ಮಾರಿ ಹೋದರು. ನಮ್ಮವರು ಕೊಂಡರು, ಕೆಲವರು ಹೊಸದಾಗಿ ಕಾಡು ಕಡಿದು ಮಾಡಿದರು. ಬಂಗಲೆ ಬಂತು, ಪಲ್ಪರ್ ಬಂತು, ಕಣ ಬಂತು, ಲೈನ್ ಮನೆ ಬಂತು. ರೈಟರ್, ಮೇಸ್ತ್ರಿ, ಅಡ್ವಾನ್ಸ್ ಪುಸ್ತಕಾನೂ ಬಂದವು. 1951ರ ಪ್ಲಾಂಟೇಶನ್ ಲೇಬರ್ ಕಾನೂನು ದೊಡ್ಡ ತೋಟದ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಕೂಸಿನಮನೆ ಅಂದಿತು. 1976ರಲ್ಲಿ ಜೀತ ನಿಷೇಧ ಆಯ್ತು. ಆದರೂ 'ಅವನ ಹತ್ರ ನಮ್ದು ಇಪ್ಪತ್ತು ಸಾವಿರ ಇದೆ, ಎಲ್ಲಿಗ್ ಹೋಗ್ತಾನೆ' ಅನ್ನೋ ಮಾತು ನಮ್ಮ ಕಡೆ ಈಗಲೂ ಸಹಜವಾಗಿ ಬರುತ್ತೆ. ಆಗ ಘಟ್ಟದ ಕೆಳಗಿನವರಿಗೆ ಹೇಳುತ್ತಿದ್ದದ್ದನ್ನು ಈಗ ಅಸ್ಸಾಮಿನಿಂದ ಬಂದವರಿಗೆ ಹೇಳುತ್ತೇವೆ.

ಇದೆಲ್ಲ ಕೇಳಿದಾಗ ಸಾಮಾನ್ಯವಾಗಿ ಬರುವ ಉತ್ತರ ಎರಡು. ಒಂದು, 'ಅದೆಲ್ಲ ಯಾವ ಕಾಲದ್ದು, ಮಾಡಿದವರು ಯಾರೂ ಈಗ ಬದುಕಿಲ್ಲ.' ಎರಡು, 'ನಾವೇ ಪರಕೀಯರಿಂದ ಲೂಟಿಯಾದವರು, ನಮ್ಮನ್ನು ಯಾಕೆ ಕೇಳ್ತೀರಿ?'

ಮೊದಲನೆಯದಕ್ಕೆ ಉತ್ತರ ನಮ್ಮ ಭಾಷೆಯಲ್ಲೇ ಇದೆ. ನಾವು ಪಾಪ ಅಂತಲೂ ಹೇಳುತ್ತೇವೆ, ಋಣ ಅಂತಲೂ ಹೇಳುತ್ತೇವೆ. ಎರಡೂ ಬೇರೆ. ಪಾಪ ಮಾಡಿದವನದು. ಋಣ ಉಂಡವನದು. ಬೇರೆಯವರ ಮನೆಯ ಅನ್ನ ಉಂಡವನಿಗೆ ಆ ಅಕ್ಕಿ ಹೇಗೆ ಬಂತು ಅನ್ನೋದರ ಪಾಪ ತಟ್ಟದಿರಬಹುದು, ಋಣ ಇದ್ದೇ ಇರುತ್ತೆ. ವಸಾಹತು ಕಾಲದ ಬಗ್ಗೆ ನಾವು ಜಗಳ ಆಡುವಾಗಲೆಲ್ಲ ಪಾಪದ ಬಗ್ಗೆಯೇ ಆಡುತ್ತೇವೆ: ಯಾರು ಮಾಡಿದ್ದು, ಯಾರು ಶುರು ಮಾಡಿದ್ದು, ಯಾರು ಕ್ಷಮೆ ಕೇಳಬೇಕು. ಋಣದ ಲೆಕ್ಕ ಹಾಗೇ ಉಳಿಯುತ್ತೆ.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತೆ. ಹಳೇ ಹಿಂದೂ ಕಾನೂನಿನಲ್ಲಿ ಅಪ್ಪನ ಸಾಲ ತೀರಿಸೋದು ಮಗನ ಧರ್ಮ. ಜೂಜು, ಕುಡಿತದಂಥ ಕೆಟ್ಟ ಕೆಲಸಕ್ಕೆ ಮಾಡಿದ ಸಾಲಕ್ಕೆ ಮಾತ್ರ ವಿನಾಯಿತಿ, ಅದಕ್ಕೆ 'ಅವ್ಯಾವಹಾರಿಕ' ಅಂತ ಹೆಸರು. 2005ರ ತಿದ್ದುಪಡಿ ಬಂದ ಮೇಲೆ, ಮಗ ಅನ್ನೋ ಒಂದೇ ಕಾರಣಕ್ಕೆ ಹೊಸ ಸಾಲಗಳಿಗೆ ಅವನನ್ನು ಹಿಡಿಯುವ ಹಾಗಿಲ್ಲ. ಆದರೆ ಅಪ್ಪನ ಆಸ್ತಿ ಅವನ ಕೈಗೆ ಬಂದಿದ್ದರೆ ಆ ಆಸ್ತಿಯ ಮಟ್ಟಿಗೆ ಸಾಲ ಹಿಂದೆ ಬರುತ್ತೆ. ಎಷ್ಟು ಸರಿಯಾದ ಮಾತು ನೋಡಿ. ಹುಟ್ಟಿದ ತಪ್ಪಿಗೆ ಹೊಣೆ ಇಲ್ಲ, ಹಿಡಿದುಕೊಂಡ ಆಸ್ತಿಗೆ ಹೊಣೆ ಇದೆ. ಆಸ್ತಿ ಮಾತ್ರ ನನ್ನದು, ಬಾಕಿ ಚರಿತ್ರೆಗೆ ಸೇರಿದ್ದು ಅಂದರೆ ಯಾವ ಕೋರ್ಟೂ ಒಪ್ಪಲ್ಲ.

ಎರಡನೇ ಉತ್ತರ, ಅಂದರೆ ನಾವೇ ನೊಂದವರು ಅನ್ನೋದು, ಇನ್ನೂ ಗಟ್ಟಿ. ಅದನ್ನು ತಳ್ಳಿಹಾಕುವ ಹಾಗಿಲ್ಲ. ನಾಲ್ಕು ಎಕರೆ ಕಾಫಿ ಇರುವ ಹೆತ್ತೂರಿನ ರೈತ ಬಟಾವಿಯಾದ ಗವರ್ನರ್ ಅಲ್ಲ. ಅವನ ರೋಬಸ್ಟಾ ಬೆಲೆ ಲಂಡನ್ನಿನಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ಗೊತ್ತಾಗುತ್ತೆ. ಮಾರ್ಚಿನ ಹೂಮಳೆ ತಪ್ಪಿದರೆ ಫಸಲಿಲ್ಲ, ಆಗಸ್ಟಿನ ಮಳೆ ಹೆಚ್ಚಾದರೆ ಕೊಳೆರೋಗ. ರಾತ್ರಿ ಆನೆ ಬಂದರೆ ಬೆಳಿಗ್ಗೆ ಮೂವತ್ತು ವರ್ಷದ ಗಿಡ ಮಲಗಿರುತ್ತೆ. ಇವನನ್ನು ಶೋಷಕ ಅಂತ ಕರೆಯೋದು ಬೆಂಗಳೂರಿನ ಎಸಿ ರೂಮಿನಲ್ಲಿ ಸುಲಭ.

ಆದರೆ ಒಂದು ಪರೀಕ್ಷೆ ಇದೆ. ಯಾವ ವ್ಯವಸ್ಥೆಯಲ್ಲಾದರೂ ನೀವು ಎಲ್ಲಿ ನಿಂತಿದ್ದೀರಿ ಅಂತ ತಿಳಿಯಬೇಕಾದರೆ ಲಾಭ ಬಂದಾಗ ಯಾರಿಗೆ ಎಷ್ಟು ಅಂತ ನೋಡಬೇಡಿ. ಬೆಲೆ ಬಿದ್ದಾಗ ಮೊದಲು ಯಾರ ದುಡ್ಡು ನಿಲ್ಲುತ್ತೆ ಅಂತ ನೋಡಿ.

ನಾನು ಬಿಇಗೆ ಸೇರಿದ್ದು 2002ರಲ್ಲಿ. ವಿಯೆಟ್ನಾಂ ಕಾಫಿ ಜಗತ್ತಿನ ಮಾರುಕಟ್ಟೆ ತುಂಬಿ, ದಶಕಗಳಿಂದ ಕಂಡಿರದಷ್ಟು ಬೆಲೆ ಕುಸಿದಿದ್ದ ಕಾಲ. ಚೆರಿ ಮೂಟೆ ಮಾರಿದರೆ ಕೊಯ್ಲಿನ ಕೂಲಿ ಹುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಕಷ್ಟ ಇತ್ತು, ಅಮ್ಮನ ಬಳೆ ಬ್ಯಾಂಕಿಗೆ ಹೋಗಿತ್ತು. ಸಂತೆ ದಿನ ಬಟವಾಡೆಗೆ ಬಂದ ಹೆಂಗಸರು ಜಗಲಿ ಕೆಳಗೆ ನಿಂತು ಕೇಳೋರು.

'ಈ ವಾರಾನೂ ಇಲ್ವಾ ಗೌಡ್ರೇ?'

'ಚೆರಿ ದುಡ್ಡು ಬಂದಿಲ್ಲ ಕಣಮ್ಮ. ಮುಂದಿನ ವಾರ ಎಲ್ಲಾ ಸೇರ್ಸಿ ಕೊಡ್ತೀನಿ.'

ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ದುಡ್ಡು ನಿಜಕ್ಕೂ ಬಂದಿರಲಿಲ್ಲ. ಬಂದಾಗ ಪೈಸೆ ಬಿಡದೆ ಕೊಡುತ್ತಿದ್ದರು. ಆದರೆ ನನ್ನ ಕಾಲೇಜು ಫೀಸು ಒಂದು ದಿನವೂ ತಡವಾಗಲಿಲ್ಲ. ಲಂಡನ್ನಿನಲ್ಲಿ ಬಿದ್ದ ಬೆಲೆ ಘಟ್ಟ ಹತ್ತಿ ಬಂದು, ನಮ್ಮ ಮನೆಯನ್ನು ಬಳಸಿಕೊಂಡು ಹೋಗಿ, ಲೈನ್ ಮನೆಯ ಒಲೆಯ ಮುಂದೆ ಕೂತಿತು. ಯಾರೂ ಕೆಟ್ಟವರಲ್ಲದೇನೇ ಇದು ನಡೆಯಿತು. ನನ್ನ ಜೊತೆ ಏಳನೇ ಕ್ಲಾಸಿನ ತನಕ ಓದಿದ ಲೈನ್ ಮನೆಯ ಹುಡುಗರು ಯಾರೂ ಇವತ್ತು ಜಾವಾ ಬರೆಯುತ್ತಿಲ್ಲ. ಅವರು ದಡ್ಡರಾಗಿದ್ದಕ್ಕಲ್ಲ.

ಅದಕ್ಕೇ ನನಗೆ ಅನ್ನಿಸೋದು, ನಾವು ಗವರ್ನರ್ ಜನರಲ್ಲೂ ಅಲ್ಲ, ಬೆಟ್ಟದ ಕೂಲಿಯೂ ಅಲ್ಲ. ನಾವು ರೀಜೆಂಟರ ಜಾಗದಲ್ಲಿದ್ದೇವೆ. ಮೇಲಿನವರು ನಮ್ಮನ್ನು ಹಿಂಡುತ್ತಾರೆ ಅನ್ನೋದೂ ನಿಜ, ಆ ಹಿಂಡಿಕೆಯನ್ನು ನಾವು ಕೆಳಗೆ ದಾಟಿಸುತ್ತೇವೆ ಅನ್ನೋದೂ ನಿಜ. ಒಂದು ನಿಜ ಇನ್ನೊಂದನ್ನು ವಜಾ ಮಾಡೋದಿಲ್ಲ. ನಡುವೆ ನಿಂತವನಿಗೆ ಯಾವಾಗಲೂ ಮೇಲಿನವನು ಮಾಡಿದ ಅನ್ಯಾಯ ಕಾಣುತ್ತೆ, ಕಾಲ ಕೆಳಗಿನದು ಕಾಣೋದಿಲ್ಲ.

ಇದು ಕಾಫಿ ತೋಟದವರ ಕಥೆ, ನಮಗೇನು ಅಂತ ನೀವು ಅಂದುಕೊಳ್ಳುವ ಮೊದಲು ನಿಮ್ಮ ಆಫೀಸು ನೋಡಿಕೊಳ್ಳಿ. ಕ್ಲೈಂಟ್ ಬಜೆಟ್ ಕಡಿತ ಮಾಡಿದರೆ ನಮಗೆ ಇನ್‌ಕ್ರಿಮೆಂಟ್ ಕಡಿಮೆ ಬರುತ್ತೆ, ನಾವು ಒಂದು ತಿಂಗಳು ಗೊಣಗುತ್ತೇವೆ. ಅದೇ ಕಡಿತಕ್ಕೆ ಹೌಸ್‌ಕೀಪಿಂಗ್ ಗುತ್ತಿಗೆ ಬದಲಾಗಿ, ಐದು ವರ್ಷದಿಂದ ನಮ್ಮ ಫ್ಲೋರ್ ಒರೆಸುತ್ತಿದ್ದ ಅಕ್ಕ ಸೋಮವಾರದಿಂದ ಬರುವುದಿಲ್ಲ. ಅವಳಿಗೆ ಬರಬೇಕಿದ್ದ ಬಾಕಿಯನ್ನು ಯಾವ ಗುತ್ತಿಗೆದಾರ ಕೊಡಬೇಕು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ನಾವಲ್ಲ, ವೆಂಡರ್. ವೆಂಡರ್ ಅಲ್ಲ, ಸಬ್ ವೆಂಡರ್. ಬಟಾವಿಯಾದಲ್ಲೂ ಹೀಗೇ ಕೈ ತೋರಿಸಿರುತ್ತಾರೆ.

ಹಾಗಾದರೆ ಏನು ಮಾಡೋದು? ಕ್ಷಮೆ ಕೇಳೋದಾ? 2020ರಲ್ಲಿ ನೆದರ್‌ಲ್ಯಾಂಡ್ಸ್ ದೊರೆ ಇಂಡೋನೇಷ್ಯಾಗೆ ಹೋಗಿ, ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ತಮ್ಮವರು ಮಿತಿಮೀರಿ ನಡೆಸಿದ ಹಿಂಸೆಗೆ ಕ್ಷಮೆ ಕೇಳಿದರು. 2022ರ ಡಿಸೆಂಬರಿನಲ್ಲಿ ಆಗಿನ ಪ್ರಧಾನಿ ಗುಲಾಮಗಿರಿಯ ವಿಷಯದಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೇದೇ. ಕೂನ್‌ನ ಪ್ರತಿಮೆ ಅವನ ಹುಟ್ಟೂರು ಹೋರ್ನ್‌ನಲ್ಲಿದೆ, ಅದನ್ನು ಇಳಿಸಬೇಕಾ ಬೇಡವಾ ಅಂತ ಅಲ್ಲಿನವರು ವರ್ಷಗಳಿಂದ ವಾದ ಮಾಡುತ್ತಿದ್ದಾರೆ. ಅದೂ ಬೇಕಾದ ವಾದವೇ. ಆದರೆ ಕ್ಷಮೆ, ಪ್ರತಿಮೆ ಎರಡೂ ಪಾಪದ ಬಾಬತ್ತು. ಋಣದ ಬಾಬತ್ತು ಭಾಷಣದಲ್ಲಿ ತೀರೋದಿಲ್ಲ. ಮನಸ್ಸಿಗೆ ಬೇಜಾರು ಮಾಡಿಕೊಂಡರೂ ತೀರೋದಿಲ್ಲ. ನಾವು ಬೇಜಾರು ಮಾಡಿಕೊಂಡರೆ ಯಾರ ಹೊಟ್ಟೆಯೂ ತುಂಬಲ್ಲ.

ಋಣ ತೀರಿಸೋದು ಬಹಳ ಸಣ್ಣ, ಬೋರಾದ ಕೆಲಸಗಳಲ್ಲಿ. ಅಡ್ವಾನ್ಸ್ ಪುಸ್ತಕವನ್ನು ಪಡೆದವನಿಗೆ ಓದಲು ಬರುವ ಭಾಷೆಯಲ್ಲಿ ಬರೆಯೋದು, ಒಂದು ಪ್ರತಿ ಅವನ ಕೈಗೂ ಕೊಡೋದು. ಅಡ್ವಾನ್ಸ್ ಬಾಕಿ ಇದ್ದರೂ ಹೋಗ್ತೀನಿ ಅಂದವನನ್ನು ಹೋಗಲು ಬಿಡೋದು. ಬೆಲೆ ಬಂದ ವರ್ಷ ಹೊಸ ಜೀಪಿಗೆ ಮುಂಚೆ ನಾಲ್ಕು ವಾರದ ಬಟವಾಡೆಯನ್ನು ಬೇರೆ ಎತ್ತಿಡೋದು, ಬೆಲೆ ಬಿದ್ದ ವರ್ಷಕ್ಕೆ. ಲೈನ್ ಮನೆಯ ಮಗು ಏಳನೇ ಕ್ಲಾಸಿಗೆ ನಿಲ್ಲದಂತೆ ನೋಡಿಕೊಳ್ಳೋದು. ಈಗ ತೋಟದ ಲೆಕ್ಕ ನನ್ನ ಕೈಗೆ ಬಂದಿದೆ. ಈ ಪಟ್ಟಿಯ ಮೊದಲ ಎರಡು ಜಾರಿಯಲ್ಲಿವೆ, ಉಳಿದೆರಡಕ್ಕೆ ಪ್ರತಿ ವರ್ಷ ಮನೆಯಲ್ಲಿ ವಾದ ಆಗುತ್ತೆ. ಅಪ್ಪ ಅಂತಾರೆ, 'ಪಕ್ಕದ ತೋಟದೋರು ಯಾರೂ ಮಾಡ್ತಿಲ್ಲವಲ್ಲೋ, ಆಳುಗಳ ರೇಟು ಕೆಡಿಸ್ತೀಯ.' ಆ ಮಾತಿನಲ್ಲೂ ಅರ್ಧ ಸತ್ಯ ಇದೆ. ಒಬ್ಬನೇ ಮಾಡಿದರೆ ಅವನಿಗೆ ನಷ್ಟ, ಎಲ್ಲರೂ ಮಾಡಿದರೆ ಅದು ಪದ್ಧತಿ. ಆದರೆ ಅಡ್ವಾನ್ಸಿನ ಹಗ್ಗವನ್ನೂ ಮೊದಲು ಯಾರೋ ಒಬ್ಬನೇ ಶುರು ಮಾಡಿರುತ್ತಾನೆ. ಉಳಿದವರು ಅವನನ್ನು ನೋಡಿ ಕಲಿತರು.

ಗಿಡಗಳ ವ್ಯಾಪಾರ ಇನ್ನೂ ನಡೆದೇ ಇದೆ. ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದಲ್ಲಿ ಬೆಳೆಸಿದ ಎಸ್.795 ತಳಿ ಇವತ್ತು ಇಂಡೋನೇಷ್ಯಾದ ಬೆಟ್ಟಗಳಲ್ಲೂ ಇದೆ, ಹೆತ್ತೂರಿನಲ್ಲೂ ಇದೆ. ಎರಡೂ ಕಡೆ ಡಿಸೆಂಬರ್ ಬಂದರೂ ಜೂನ್ ಬಂದರೂ ಯಾರೋ ಒಬ್ಬಳು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಂಪು ಹಣ್ಣು ಆರಿಸುತ್ತಿರುತ್ತಾಳೆ. ಅವಳ ಈ ವಾರದ ಕೂಲಿ ಯಾವ ದಿನ ಸಿಗುತ್ತೆ ಅನ್ನೋದು ಅವಳ ಮೇಲೆ ನಿಂತಿರುವ ನಮ್ಮಂಥ ಐದಾರು ಜನರ ಕೈಯಲ್ಲಿದೆ. ಐದಾರು ಜನರಲ್ಲಿ ಒಬ್ಬರಾದರೂ 'ಈ ಸಲ ನಾನು ಕಾಯ್ತೀನಿ, ಅವಳಿಗೆ ಮೊದಲು ಕೊಡಿ' ಅನ್ನಬೇಕು.